ಲಾಲ್ ಅಹ್ಮದನ ರೆಕ್ಕೆಯ ಒಂಬತ್ತನೆಯ ತಂತಿ

ನಿಮ್ಮ ಮನೆಯ ನೆಲಕ್ಕೆ ಹಾಸಿದ ಶಹಾಬಾದಿ ಫರಸಿಕಲ್ಲಿನ ಮೇಲೆ ಅದನ್ನು ಕಡಿದವನ ಹೆಸರಿಲ್ಲ. ಇದು ನಿಮಗೆ ಗೊತ್ತಿರಬೇಕು. ದಿನಾ ಅದರ ಮೇಲೇ ನಡೆದಾಡುತ್ತೀರಿ, ಅದರ ಮೇಲೇ ಕುಳಿತು ಉಣ್ಣುತ್ತೀರಿ. ಬಹುಶಃ ಗೊತ್ತಿಲ್ಲದ ಇನ್ನೊಂದು ಮಾತಿದೆ. ಫರಸಿ ಕಡಿದವನ ಸ್ವಂತ ಮನೆಯಲ್ಲಿ ಒಳ್ಳೆಯ ಫರಸಿ ಇರುವುದಿಲ್ಲ. ಮೂಲೆ ಮುಕ್ಕಾದದ್ದು, ಮೈಯಲ್ಲಿ ಬಿಳಿ ಎಳೆ ಓಡಿದ್ದು, ಗಿರಾಕಿ ಕಾಲಿನಿಂದ ಒದ್ದು "ಇದು ಬ್ಯಾಡ" ಎಂದದ್ದು, ಇವೇ ಅವನ ಪಾಲಿಗೆ ಬರುವುದು.

ಶಹಾಬಾದದ ಸ್ಟೇಶನ್ ರಸ್ತೆಯಲ್ಲಿರುವ ಲಾಲ್ ಅಹ್ಮದನ ಅಂಗಡಿಯ ನೆಲವೂ ಅಂಥದೇ. ತಂದೆ ಹಾಜಿಸಾಬ ಮೂವತ್ತು ವರ್ಷ ಖಣಿಯಲ್ಲಿ ಸುತ್ತಿಗೆ ಹಿಡಿದು ಮಗನಿಗೆ ಬಿಟ್ಟುಹೋದದ್ದು ಹದಿನಾರು ಎಳೆಬಿದ್ದ ಫರಸಿ ಮತ್ತು ಒಂದು ಕಿವಿ. ಕಿವಿಯೆಂದರೆ ಸಾದಾ ಕಿವಿಯಲ್ಲ. ಸಣ್ಣ ಸುತ್ತಿಗೆಯಿಂದ ಕಲ್ಲಿಗೆ ಮೆಲ್ಲಗೆ ಬಡಿದರೆ ಗಟ್ಟಿ ಕಲ್ಲು "ಖಣ್" ಎನ್ನುತ್ತದೆ, ಒಳಗೆ ಬಿರುಕಿದ್ದದ್ದು "ಡಬ್" ಎನ್ನುತ್ತದೆ. ಕಣ್ಣಿಗೆ ಕಾಣದ ಬಿರುಕನ್ನು ಹಾಜಿಸಾಬ ಕೇಳುತ್ತಿದ್ದ; ಮಗನಿಗೂ ಕೇಳಲು ಕಲಿಸಿದ್ದ. ಆದರೆ ಕಲ್ಲಿನ ಪುಡಿ ತಂದೆಯ ಎದೆಯನ್ನು ತಿಂದು ಮುಗಿಸಿದ್ದನ್ನು ನೋಡಿದ ಮಗ ಖಣಿಯ ಕಡೆ ಕಾಲಿಡಲಿಲ್ಲ. ಮದುವೆ ಮುಂಜಿಗಳಿಗೆ ಶಾಮಿಯಾನ ಹಾಕುವುದು, ಲಾರಿಗಳಿಗೆ ಹೊದಿಸುವ ತಾಡಪತ್ರಿ ಹೊಲಿಯುವುದು ಅವನ ಕಸುಬಾಯಿತು.

ಅವನಿಗೊಬ್ಬ ಗೆಳೆಯನಿದ್ದ, ವಾಸುದೇವ. ನಿಜಾಮನ ಕಾಲದ ಉರ್ದು ಶಾಲೆಯಲ್ಲಿ ಇಬ್ಬರೂ ಒಂದೇ ಗೋಣಿತಟ್ಟಿನ ಮೇಲೆ ಕುಳಿತು ಅಲಿಫ್, ಬೇ ತಿದ್ದಿದವರು. ಐವತ್ತಾರರಲ್ಲಿ ಊರು ಮೈಸೂರು ರಾಜ್ಯಕ್ಕೆ ಸೇರಿತು, ಕಾಗದಪತ್ರಗಳ ಭಾಷೆ ಮಗ್ಗಲು ಬದಲಿಸಿತು. ವಾಸುದೇವ ಕನ್ನಡ ಕಲಿತ, ಇಂಗ್ಲಿಷ್ ಕಲಿತ, ಗುಲಬರ್ಗಾಕ್ಕೆ ಹೋಗಿ ಡ್ರಾಯಿಂಗ್ ಪರೀಕ್ಷೆ ಪಾಸಾಗಿ ಬಂದು ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರನಾದ. ಲಾಲ್ ಅಹ್ಮದನ ಓದು ಉರ್ದುವಿನಲ್ಲೇ ನಿಂತುಬಿಟ್ಟಿತು. ಅಂದಿನಿಂದ ಅಂಗಡಿಗೆ ಬಂದ ಪ್ರತಿಯೊಂದು ಸರ್ಕಾರಿ ನೋಟೀಸನ್ನೂ ಓದಿ ಹೇಳಿದವನು ವಾಸುದೇವ, ಉತ್ತರ ಬರೆದುಕೊಟ್ಟವನೂ ವಾಸುದೇವ. ನಲವತ್ತರ ಹತ್ತಿರ ಬಂದರೂ ಒಬ್ಬರಿಗೊಬ್ಬರು ಲಾಲ್ಯಾ, ವಾಸ್ಯಾ.

ಎಪ್ಪತ್ತಾರರಲ್ಲಿ ಒಂದು ದಿನ ಅಂಗಡಿಯ ಮುಂದೆ ಲಾರಿ ನಿಂತಿತು. ಪಕ್ಕದ ವಾಡಿಯ ಕಾರ್ಖಾನೆಯಲ್ಲಿ ಯಂತ್ರ ಕೂಡಿಸಲು ಬಂದಿದ್ದ ಒಬ್ಬ ಜರ್ಮನ್ ಸಾಹೇಬ ಹದಿನೆಂಟು ಅಡಿ ಉದ್ದದ ಗಂಟೊಂದನ್ನು ಇಳಿಸಿದ. ಬಿಚ್ಚಿದರೆ ಹರಿದ ಬಟ್ಟೆ, ಬಾಗಿದ ಅಲ್ಯೂಮಿನಿಯಂ ಕೊಳವೆಗಳು, ಸಿಕ್ಕು ಬಿದ್ದ ತಂತಿ. ಅದು ಹ್ಯಾಂಗ್ ಗ್ಲೈಡರು. ಕೊಳವೆಗಳ ಚೌಕಟ್ಟಿಗೆ ಬಟ್ಟೆ ಹೊದಿಸಿ ತಂತಿಗಳಿಂದ ಬಿಗಿದರೆ ದೊಡ್ಡ ರೆಕ್ಕೆ. ಅದರ ಕೆಳಗೆ ಪಟ್ಟಿಗಳಲ್ಲಿ ತೂಗಾಡುವ ಮನುಷ್ಯ. ಎಂಜಿನ್ ಇಲ್ಲ, ಎಣ್ಣೆ ಇಲ್ಲ. ಗುಡ್ಡದ ಅಂಚಿನಿಂದ ಗಾಳಿಗೆದುರಾಗಿ ಓಡಿದರೆ ಹದ್ದಿನ ಹಾಗೆ ತೇಲಿಸುತ್ತದೆ. ಸಾಹೇಬ ಚಿಂಚೋಳಿಯ ಗುಡ್ಡದಿಂದ ಎರಡು ಸಲ ಹಾರಿದ್ದ, ಮೂರನೆಯ ಸಲ ಮುಗ್ಗರಿಸಿದ್ದ. ಪ್ರತಿ ಸಲವೂ ಒಂದು ಲಾರಿ ಬೇಕು, ನಾಲ್ಕು ಆಳು ಬೇಕು ಎಂದು ಕೈಸನ್ನೆಯಲ್ಲಿ ಗೋಳು ಹೇಳಿಕೊಂಡ. ಕೆಲಸ ಮುಗಿದು ದೇಶಕ್ಕೆ ಹೊರಟಾಗ ಗಂಟನ್ನು ಲಾಲ್ ಅಹ್ಮದನಿಗೇ ಬಿಟ್ಟು ಕೈಕುಲುಕಿ ಹೋದ.

ಲಾಲ್ ಅಹ್ಮದ್ ಹೊಲಿದ, ತಿದ್ದಿದ, ಹೊತ್ತುಕೊಂಡು ಬಸ್ ಸ್ಟ್ಯಾಂಡಿಗೆ ನಡೆದ. ಚಿಂಚೋಳಿ ಬಸ್ಸಿನ ಕಂಡಕ್ಟರ್ ಗುರುಲಿಂಗಪ್ಪ ಗಂಟಿನ ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿದ.

"ಲಾಲೂಭಾಯ್, ಇದು ಬಸ್ಸು. ರೈಲಿನ ಹಳಿ ಒಯ್ಯೋ ಗಾಡಿ ಅಲ್ಲ."

"ಮ್ಯಾಲ ಕಟ್ಟತೀನ್ರಿ ಅಣ್ಣಾ, ಬಿಗಿಯಾಗಿ."

"ಬಿಗಿಯಾಗಿ ಕಟ್ಟಿದ್ರ ಮುಂದಿನ ತುದಿ ಡ್ರೈವರನ ಕಣ್ಣಿಗೆ, ಹಿಂದಿನ ತುದಿ ಯಾರದರೆ ಎಮ್ಮಿ ಬೆನ್ನಿಗೆ! ನೋಡು, ಸಾಮಾನು ಅಡ್ಡ ಇಡಬೇಕು. ಮ್ಯಾಲಿನ ಕ್ಯಾರಿಯರು ಆರು ಫೂಟು ಅಗಲ ಅದ. ಅದರಾಗ ಕುಂದರೂ ಹಂಗ ತಂದಿ ಅಂದ್ರ ಹಾಪ್ ಟಿಕೀಟಿನ್ಯಾಗ ಒಯ್ತೀನಿ."

ಆರು ಫೂಟು. ಲಾಲ್ ಅಹ್ಮದ್ ಮನೆಗೆ ಹೊತ್ತು ತಂದದ್ದು ರೆಕ್ಕೆಯನ್ನಲ್ಲ, ಆ ಅಳತೆಯನ್ನು.

ಮುಂದಿನ ಎರಡೂವರೆ ವರ್ಷ ಅವನು ಮಾಡಿದ್ದು ಇಷ್ಟು: ಹದಿನೆಂಟು ಅಡಿಯ ಕೊಳವೆಯನ್ನು ಮೂರು ತುಂಡು ಮಾಡಿ ಮತ್ತೆ ಒಂದು ಮಾಡುವುದು. ಕೇಳಲು ಸುಲಭ. ತುಂಡಿನೊಳಗೆ ಸಣ್ಣ ಕೊಳವೆ ತೂರಿಸಿ ಜೋಡಿಸಿದರೆ ಕೀಲು ಅಲುಗಾಡುತ್ತಿತ್ತು. ತೂತು ಕೊರೆದು ಬೋಲ್ಟು ಹಾಕಿದರೆ ತೂತಿನಲ್ಲೇ ಮುರಿಯುತ್ತಿತ್ತು. ದಪ್ಪ ಕೊಳವೆ ಹಾಕಿದರೆ ಗಂಟು ಉಬ್ಬಿತು, ತೂಕ ಏರಿತು. ಹೊತ್ತವನ ಹೆಗಲು ಬಿದ್ದುಹೋಯಿತು. ಅಂಗಡಿಯ ಹಿಂದೆ ಮುರಿದ ಕೊಳವೆಗಳ ರಾಶಿ ಬೆಳೆಯಿತು. ಹೆಂಡತಿ ಗುಲ್ಶನ್ ನಿತ್ಯ ಅದನ್ನು ದಾಟಿ ನೀರಿಗೆ ಹೋಗುತ್ತಿದ್ದಳು.

"ರೆಕ್ಕಿ ಮಡಚೂದು ಕಲೀಲಿಕತ್ತೀರಿ, ಖುಷಿ ಆಯ್ತದ," ಅಂದಳು ಒಂದು ಮುಂಜಾನೆ. "ಹಾಸಿಗಿ ಮಡಚೂದು ಯಾವಾಗ ಕಲೀತೀರಿ?"

ದಾರಿ ತೋರಿಸಿದ್ದು ಅವನ ಸ್ವಂತ ಕಸುಬೇ. ಸೇಡಂನಲ್ಲಿ ಒಂದು ಮದುವೆಯ ಶಾಮಿಯಾನ ಬಿಗಿಯುತ್ತಿದ್ದಾಗ ಹಗ್ಗ ಎಳೆದಂತೆಲ್ಲ ಎರಡು ತುಂಡಿನ ಕಂಬ ತಾನಾಗಿ ಒಂದಕ್ಕೊಂದು ಒತ್ತಿ ಕುಳಿತದ್ದನ್ನು ಅವನು ಹೊಸದಾಗಿ ನೋಡಿದ. ಇಪ್ಪತ್ತು ವರ್ಷದಿಂದ ಕಂಡದ್ದೇ, ಅಂದು ಕಣ್ಣಿಗೆ ಬಿತ್ತು. ಡೇರೆಯಲ್ಲಿ ಕಂಬ ಬಟ್ಟೆಯನ್ನು ಹಿಡಿದಿರುವಷ್ಟೇ ಬಟ್ಟೆ ಕಂಬವನ್ನು ಹಿಡಿದಿರುತ್ತದೆ. ಹಾಗಿದ್ದರೆ ರೆಕ್ಕೆಗೆ ಬೋಲ್ಟು ಯಾಕೆ? ಬಟ್ಟೆಯನ್ನು ಅರ್ಧ ಬೆರಳು ಗಿಡ್ಡಕ್ಕೆ ಹೊಲಿದು, ಕೊನೆಯ ತುಂಡನ್ನು ಒತ್ತಿ ಕೂಡಿಸಿದರೆ, ಬಟ್ಟೆಯ ಬಿಗಿಯೇ ಮೂರೂ ತುಂಡುಗಳನ್ನು ಕಚ್ಚಿ ಹಿಡಿಯುತ್ತದೆ. ಒಂದು ತೂತಿಲ್ಲ, ಒಂದು ಬೋಲ್ಟಿಲ್ಲ. ರೆಕ್ಕೆಯ ಅಡ್ಡಕೊಳವೆ ಬಂದು ಸೇರುವ ಜಾಗದಲ್ಲಿ ಭಾರ ಹೆಚ್ಚು. ಕೀಲುಗಳು ಅಲ್ಲಿಂದ ಮೊಳ ದೂರ ಇರುವಂತೆ ನೋಡಿಕೊಂಡ. ಮಡಚಿದರೆ ಆರು ಅಡಿ. ತೂಕ ಹತ್ತೊಂಬತ್ತು ಕಿಲೋ. ಒಬ್ಬನ ಹೆಗಲಿಗೆ ಸಾಕಾಗುವಷ್ಟು.

ನಕ್ಷೆಯನ್ನು ಅವನು ಕಾಗದದ ಮೇಲೆ ಬರೆಯಲಿಲ್ಲ. ಕಲ್ಲಿನವರ ಮಗ, ಚೂಪು ಮೊಳೆಯಿಂದ ಅಂಗಡಿಯ ಬಾಗಿಲ ಬಳಿಯ ಫರಸಿಯ ಮೇಲೆ ಗೀರಿದ. ಬೂದು ಕಲ್ಲಿನ ಮೇಲೆ ಗೀರು ಬೆಳ್ಳಗೆ ಮೂಡುತ್ತದೆ. ಒಂದು ಅಡಿಗೆ ಒಂದು ಇಂಚಿನಂತೆ ಇಡೀ ರೆಕ್ಕೆ, ಕೊಳವೆಗಳು, ಕೀಲುಗಳು, ಎಂಟು ತಂತಿಗಳು. ಮೂಲೆಯಲ್ಲಿ ಉರ್ದುವಿನಲ್ಲಿ ತನ್ನ ಹೆಸರು. ಅದೇ ಫರಸಿಯಲ್ಲಿ ಹುಟ್ಟಿನಿಂದ ಬಂದ ಒಂದು ಬಿಳಿ ಎಳೆ ಇತ್ತು, ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ. ನಕ್ಷೆಯ ಮೂಗಿನಿಂದ ಹೊರಟು ಬಲ ರೆಕ್ಕೆಯ ನಡುವೆ ಮುಗಿಯುತ್ತಿತ್ತು. ಲಾಲ್ ಅಹ್ಮದ್ ಅದನ್ನು ಲಕ್ಷ್ಯಕ್ಕೇ ತಂದುಕೊಳ್ಳಲಿಲ್ಲ. ಕಲ್ಲಿನಲ್ಲಿ ಬೆಳೆದವನ ಕಣ್ಣಿಗೆ ಎಳೆ ಬೇರೆ, ಗೀರು ಬೇರೆ.

ಎಪ್ಪತ್ತೊಂಬತ್ತರ ಜನವರಿಯಲ್ಲಿ ಅವನು ಗಂಟನ್ನು ಹೆಗಲ ಮೇಲೆ ಹೊತ್ತು ಬಸ್ ಸ್ಟ್ಯಾಂಡಿಗೆ ಬಂದ. ಜೊತೆಗೆ ವಾಸುದೇವ. ಗುರುಲಿಂಗಪ್ಪ ಬಸ್ಸಿನ ಮೇಲೆ ಅಡ್ಡಲಾಗಿ ಇಟ್ಟು ನೋಡಿದ. ಎರಡೂ ಕಡೆ ಒಂದು ಬೆರಳಷ್ಟೂ ಹೊರಗೆ ಬರಲಿಲ್ಲ.

"ಏನದ ಲಾಲೂಭಾಯ್ ಒಳಗ? ಹೆಣಾ ಗಿಣಾ ಅಲ್ಲ ಅಲ್ಲಾ?"

"ಅದೇ ಹದಿನೆಂಟು ಫೂಟಿಂದು ಅದರೀ ಅಣ್ಣಾ. ಮಾತು ಕೊಟ್ಟಿರಿ, ಹಾಪ್ ಟಿಕೀಟು ಹರೀರಿ."

ಬಸ್ಸಿನವರೆಲ್ಲ ನಕ್ಕರು. ಗುರುಲಿಂಗಪ್ಪ ನಿಜವಾಗಿಯೂ ಅರ್ಧ ಟಿಕೀಟು ಹರಿದುಕೊಟ್ಟ. ಚಿತ್ತಾಪುರ, ಸೇಡಂ, ಸುಲೇಪೇಟ ದಾಟಿ ಚಿಂಚೋಳಿ ತಲುಪಿ, ಗುಡ್ಡ ಹತ್ತಿ, ರೆಕ್ಕೆ ಬಿಚ್ಚಿದರು. ಕೂಡಿಸುವ ಮೊದಲು ಲಾಲ್ ಅಹ್ಮದ್ ತಂದೆಯ ಸಣ್ಣ ಸುತ್ತಿಗೆ ತೆಗೆದು ಒಂದೊಂದೇ ತುಂಡಿಗೆ ಬಡಿದು ಕಿವಿಯಿಟ್ಟ.

"ಕೊಳವಿ ಅಂದ್ರ ಫರಸಿ ಅಂತ ತಿಳಕೊಂಡೀ ಏನಲೇ ಲಾಲ್ಯಾ?" ವಾಸುದೇವ ನಕ್ಕ.

ಐದನೆಯ ತುಂಡು "ಡಬ್" ಅಂದಿತು. ಕಣ್ಣಿಗೆ ಏನೂ ಕಾಣಲಿಲ್ಲ. ಆದರೂ ಅದನ್ನು ಪಕ್ಕಕ್ಕೆಸೆದು ಹೆಚ್ಚಿಗೆ ತಂದಿದ್ದ ತುಂಡು ಕೂಡಿಸಿದ. ವಾಸುದೇವ ಎಸೆದದ್ದನ್ನು ಮೊಣಕಾಲಿಗೆ ಹಚ್ಚಿ ಬಗ್ಗಿಸಿ ನೋಡಿದ. ಒಣ ಕಟ್ಟಿಗೆಯ ಹಾಗೆ ಪಟಕ್ಕನೆ ಮುರಿಯಿತು. ಅವನ ನಗು ಅಲ್ಲಿಗೇ ನಿಂತಿತು.

ಲಾಲ್ ಅಹ್ಮದ್ ಗಾಳಿಗೆದುರಾಗಿ ಓಡಿದ. ಹತ್ತು ಹೆಜ್ಜೆ, ಹನ್ನೆರಡು, ಆಮೇಲೆ ಹೆಜ್ಜೆಗೆ ನೆಲ ಸಿಗಲಿಲ್ಲ. ವಾಸುದೇವ ಗಟ್ಟಿಯಾಗಿ ಎಣಿಸುತ್ತಿದ್ದ. ಎಪ್ಪತ್ತೆರಡು ಎಣಿಸುವವರೆಗೆ ಒಬ್ಬ ಶಾಮಿಯಾನದವನು ಚಿಂಚೋಳಿಯ ಆಕಾಶದಲ್ಲಿದ್ದ. ಕೊಯ್ದ ತೊಗರಿ ಹೊಲದಲ್ಲಿ ಇಳಿದಾಗ ಕೂಳೆ ಚುಚ್ಚಿ ಮೊಣಕಾಲಿನಿಂದ ರಕ್ತ. ವಾಸುದೇವ ಗುಡ್ಡದಿಂದ ಬೀಳುತ್ತ ಏಳುತ್ತ ಓಡಿಬಂದು ತಬ್ಬಿಕೊಂಡ. ಅಳುತ್ತಿದ್ದ.

"ಲಾಲ್ಯಾ, ನಿನ್ನ ಹೆಸರು ದುನಿಯಾದಾಗ ಹೇಳ್ತಾರಲೇ!"

ಆ ಅಪ್ಪುಗೆ ಸುಳ್ಳಾಗಿರಲಿಲ್ಲ. ಅದೇ ಇಡೀ ಕತೆಯ ಕಹಿ.

ಮುಂದಿನ ವರ್ಷ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಬಂತು. ಮುಂಬಯಿಯ ಒಂದು ಕಂಪನಿ ಬಸ್ಸು ರೈಲುಗಳಲ್ಲಿ ಒಯ್ಯಬಹುದಾದ ಗ್ಲೈಡರಿನ ನಕ್ಷೆ ಕೇಳಿತ್ತು. ಆರಿಸಿದ ಮಾದರಿಗೆ ಅದನ್ನು ರೂಪಿಸಿದವನ ಹೆಸರನ್ನೇ ಇಡುತ್ತೇವೆ ಎಂದಿತ್ತು. ಓದಿ ಹೇಳಿದವನು ವಾಸುದೇವನೇ. ಲಾಲ್ ಅಹ್ಮದ್ ಮೂರು ಸಲ ಕೇಳಿದ: "ಖರೇನಾ? ಹೆಸರು ಇಡ್ತಾರಾ?" ಅಪ್ಪ ಕಡಿದ ಸಾವಿರಾರು ಫರಸಿಗಳು ಯಾವ ಯಾವ ಊರಿನಲ್ಲಿ ಯಾರ ಕಾಲಡಿಗಿವೆಯೋ, ಒಂದರ ಮೇಲೂ ಹಾಜಿಸಾಬನ ಹೆಸರಿಲ್ಲ. ಮಗನಿಗೆ ಬೇರೇನೂ ಬೇಕಿರಲಿಲ್ಲ. ಇದೊಂದು ಬೇಕಿತ್ತು.

ನಕ್ಷೆ ಟ್ರೇಸಿಂಗ್ ಕಾಗದದ ಮೇಲೆ ಮಸಿಯಲ್ಲಿ ಇರಬೇಕು, ಅರ್ಜಿ ಇಂಗ್ಲಿಷಿನಲ್ಲಿ ಇರಬೇಕು. ಒಂದು ಶುಕ್ರವಾರ ಮಧ್ಯಾಹ್ನ ವಾಸುದೇವ ಕಾಗದ, ಮಸಿ ಹಿಡಿದು ಅಂಗಡಿಗೆ ಬಂದ.

"ನೀ ನಮಾಜಿಗೆ ಹೋಗಿ ಬಾ. ಫರಸಿ ಮ್ಯಾಲ ಕಾಗದ ಹಾಸಿ ಗೆರಿ ತಕ್ಕೋತೀನಿ. ಇವತ್ತೇ ಟಪಾಲಿಗೆ ಹಾಕಬೇಕು."

ಮಸೀದಿಯಿಂದ ಬರುವಷ್ಟರಲ್ಲಿ ಕಾಗದ ಸುರುಳಿಯಾಗಿತ್ತು. "ನೋಡ್ತೀ ಏನು?" ಅಂದ ವಾಸುದೇವ.

"ನೀ ಬರದದ್ದು ನಾ ಏನ್ ನೋಡ್ಲಿ?"

ಅರ್ಜಿಯ ಕೆಳಗೆ ಬೆರಳು ತೋರಿಸಿದ ಕಡೆ ಲಾಲ್ ಅಹ್ಮದ್ ಉರ್ದುವಿನಲ್ಲಿ ಸಹಿ ಹಾಕಿದ. ಇಪ್ಪತ್ತು ವರ್ಷ ಹೀಗೇ ಹಾಕಿದ್ದ. ಗೆಳೆಯ ತೋರಿಸಿದ ಜಾಗದಲ್ಲಿ ಸಹಿ ಹಾಕುವುದು ತಪ್ಪು ಎನ್ನುವವರು, ನಿಮ್ಮ ಬ್ಯಾಂಕಿನ ಕಾಗದ ಎಷ್ಟು ಓದಿ ಸಹಿ ಹಾಕಿದ್ದೀರಿ ಎಂದು ಮೊದಲು ಹೇಳಲಿ.

ಎಂಟು ತಿಂಗಳು ಕಳೆದವು. ವಾಸುದೇವ ಅಂಗಡಿಗೆ ಬರುವುದು ಕಡಿಮೆಯಾಯಿತು, ಬಂದರೂ ಕುಳಿತುಕೊಳ್ಳುತ್ತಿರಲಿಲ್ಲ. ಒಂದು ದಿನ ವಾಡಿ ಜಂಕ್ಷನ್ನಿನ ಪಾರ್ಸಲ್ ಗುಮಾಸ್ತ ಬಂದೇನವಾಜ್ ಒಂದು ಇಂಗ್ಲಿಷ್ ವಾರಪತ್ರಿಕೆ ಹಿಡಿದು ಬಂದ.

"ಲಾಲೂಭಾಯ್, ಇದು ನಿಂದೇ ಅಲ್ಲೇನು? ಖರೆ, ಹೆಸರು ಬ್ಯಾರೆ ಅದ."

ಪುಟದ ತುಂಬ ನಕ್ಷೆ. ಮೇಲೆ ಶೀರ್ಷಿಕೆ: ವಾಸುದೇವ ಮಾದರಿ. ಬಂದೇನವಾಜ್ ಬೆರಳಿಟ್ಟು ಓದಿ ಅರ್ಥ ಹೇಳಿದ. ರೂಪಿಸಿದವರು ಒಬ್ಬ ಡ್ರಾಯಿಂಗ್ ಶಿಕ್ಷಕರು. ಬಟ್ಟೆ ಹೊಲಿದುಕೊಟ್ಟವನು ಒಬ್ಬ ಸ್ಥಳೀಯ ದರ್ಜಿ. ಹಾಗೆಂದು ಅವನೇ ಸಹಿ ಮಾಡಿಕೊಟ್ಟಿದ್ದಾನೆ.

ಲಾಲ್ ಅಹ್ಮದ್ ಪತ್ರಿಕೆಯನ್ನು ಬಾಗಿಲ ಬಳಿಯ ಫರಸಿಯ ಪಕ್ಕದಲ್ಲಿಟ್ಟು ಮೊಣಕಾಲೂರಿ ಕುಳಿತ. ಕೊಳವೆ ಸರಿ, ಕೀಲು ಸರಿ. ತಂತಿ ಎಣಿಸಿದ. ಮತ್ತೆ ಎಣಿಸಿದ. ಒಂಬತ್ತು. ಮೂಗಿನಿಂದ ಬಲ ರೆಕ್ಕೆಯ ನಡುವಿಗೆ ಒಂದು ಗೆರೆ, ದಪ್ಪ ಮಸಿಯಲ್ಲಿ.

"ಬಂದೇನವಾಜ್, ಈ ಗೆರಿಗೆ ಏನಂತ ಬರದಾರ?"

ಬಂದೇನವಾಜ್ ಕನ್ನಡಕ ಏರಿಸಿದ. "ಬಲಬದಿಯ ಹೆಚ್ಚಿನ ತಂತಿ. ಹಾರುವವನ ಬಲಗೈ ಎಳೆತ ಹೆಚ್ಚಿರುವುದರಿಂದ ಅದನ್ನು ಸಮತೂಗಿಸಲು... ಮಾಸ್ತರ ವಿಶೇಷ ಕಲ್ಪನೆ, ಅಂತ."

ಲಾಲ್ ಅಹ್ಮದ್ ನಗತೊಡಗಿದ. ಒಳಗಿನಿಂದ ಗುಲ್ಶನ್ ಗಾಬರಿಯಾಗಿ ಓಡಿಬಂದಳು. ಅಂಥ ನಗುವನ್ನು ಅವಳು ಕೇಳಿರಲಿಲ್ಲ. ಅವನು ಫರಸಿಯ ಬಿಳಿ ಎಳೆಯ ಮೇಲೆ ಬೆರಳಾಡಿಸುತ್ತ ಹೇಳಿದ: "ನೋಡು ಗುಲ್ಶನ್. ಕಲ್ಲಿನ ಎಳಿ ಬಿಡಲಿಲ್ಲ. ನನ್ನ ಹೆಸರು ಬಿಟ್ಟಾನ."

ಆ ಹೆಸರು ಉರ್ದುವಿನಲ್ಲಿತ್ತು. ವಾಸುದೇವನಿಗೆ ಓದಲು ಬರುತ್ತಿತ್ತು. ಒಂದೇ ತಟ್ಟಿನ ಮೇಲೆ ಕುಳಿತು ಕಲಿತದ್ದು.

ಸುದ್ದಿ ಮಾಸ್ತರನಿಗೂ ಮುಟ್ಟಿತು. ವಾರದೊಳಗೆ ಅವನು ಕೈಗಾಡಿಯಲ್ಲಿ ನಾಲ್ಕು ಹೊಸ ಫರಸಿ ಹೇರಿಸಿಕೊಂಡು ಬಂದ. ಕನ್ನಡಿಯ ಹಾಗೆ ಪಾಲಿಶ್ ಹಿಡಿದವು, ಒಂದು ಎಳೆಯಿಲ್ಲ.

"ಲಾಲ್ಯಾ, ಈ ಬಾಗಿಲ ಮುಂದಿನ ಫರಸಿ ಭಾಳ ಹಾಳಾಗ್ಯಾವ. ಕಿತ್ತಿಸಿ ಹೊಸಾವು ಹಾಕಸ್ತೀನಿ. ನಂದೇ ಖರ್ಚು."

ಲಾಲ್ ಅಹ್ಮದ್ ಹೊಲಿಗೆ ಮಿಶನ್ ಬಿಟ್ಟು ಏಳಲಿಲ್ಲ. "ಬರ್ರಿ ಮಾಸ್ತರ್ರೀ, ಕುಂದ್ರಿ."

ಮೂವತ್ತೈದು ವರ್ಷದಲ್ಲಿ ಮೊದಲ ಸಲ ಬಹುವಚನ. ವಾಸುದೇವ ನಿಂತಲ್ಲೇ ಕುಗ್ಗಿದ. "ಹಿಂಗ್ಯಾಕ ಮಾತಾಡ್ತೀ? ಕಂಪನಿಯವರು ಓದಿದವನ ಹೆಸರು ಇದ್ರನ ತಗೋತಾರ. ತಾಡಪತ್ರಿ ಹೊಲಿಯೋನ ನಕ್ಷಾ ಅಂದ್ರ ಲಕೋಟಿ ಸೈತ ಒಡೀತಿದ್ದಿಲ್ಲ. ನಿನ್ನ ರೆಕ್ಕಿ ಹಾರಬೇಕು ಅಂತಲೇ ಮಾಡೀನಿ. ಹೆಸರಿನ್ಯಾಗ ಏನದ?"

"ಏನೂ ಇಲ್ಲಾ ಅಂದ್ರ ನಂದೇ ಇರಲಿ ಅಂತ ಬಿಡಬೇಕಿತ್ರಿ."

ಗುಲ್ಶನ್ ಬಾಗಿಲಿಗೆ ಬಂದು ನಿಂತಳು. "ಮಾಸ್ತರ್ರೀ, ನಿಮ್ಮ ಫರಸಿ ಭಾಳ ಚಲೋ ಅವ. ಕಲ್ಲು ಕಡದವರ ಮನ್ಯಾಗ ಇಷ್ಟು ಚಲೋವು ಶೋಭಿಸೂದಿಲ್ಲ. ಒಯ್ರಿ." ಕೈಗಾಡಿ ಬಂದ ದಾರಿಯಲ್ಲೇ ತಿರುಗಿ ಹೋಯಿತು.

ಬಂದೇನವಾಜನಿಂದ ಬರೆಸಿ ಲಾಲ್ ಅಹ್ಮದ್ ಕಂಪನಿಗೆ ಕಾಗದ ಹಾಕಿದ. ಉತ್ತರ ಬಂತು: ನೀನು ಮಾಡಿದ್ದನ್ನು ಕಣ್ಣಾರೆ ಕಂಡ, ಮನೆಯವರಲ್ಲದ ಇಬ್ಬರ ಸಹಿ ಕಳಿಸು, ಇಲ್ಲವೇ ಮೂಲ ನಕ್ಷೆಯನ್ನೇ ತಂದು ತೋರಿಸು, ಫೋಟೋ ನಡೆಯದು. ಮೂಲ ನಕ್ಷೆ ಎರಡು ಆಳಿನ ಭಾರದ ಕಲ್ಲು, ಗಾರೆ ಹಿಡಿದು ಕೂತದ್ದು; ಕಿತ್ತರೆ ಎಳೆಯಲ್ಲೇ ಸೀಳುತ್ತದೆಂದು ತಂದೆಯ ಕಿವಿ ಹೇಳುತ್ತಿತ್ತು. ಹದಿನೆಂಟು ಅಡಿಯ ರೆಕ್ಕೆಯನ್ನು ಆರಕ್ಕೆ ಮಡಚಿದವನಿಗೆ ಒಂದು ಫರಸಿ ಮಡಚಲು ಬರಲಿಲ್ಲ. ಉಳಿದದ್ದು ಇಬ್ಬರ ಸಹಿ. ಬಂದೇನವಾಜ್ ತಾನು ಹಾಕುತ್ತೇನೆಂದ. ಆದರೆ ಅವನು ಪತ್ರಿಕೆ ಕಂಡವನು, ರೆಕ್ಕೆ ಮಾಡಿದ್ದನ್ನು ಕಂಡವನಲ್ಲ.

ಅರ್ಧ ಟಿಕೀಟು ಹರಿದ ಗುರುಲಿಂಗಪ್ಪ ಚಹಾ ಕುಡಿಸಿದ, ಸಹಿ ಹಾಕಲಿಲ್ಲ. "ಲಾಲೂಭಾಯ್, ನನ್ನ ಹುಡುಗ ಮಾಸ್ತರ ಕೈಯಾಗ ಓದ್ತಾನ. ನಿನಗ ಗೊತ್ತಿಲ್ಲೇನು?" ಎದುರಿನ ಸೈಕಲ್ ಅಂಗಡಿಯವನು ಎರಡೂವರೆ ವರ್ಷ ಕೊಳವೆ ಮುರಿಯುವ ಸದ್ದು ಕೇಳಿದವನು, "ಕಿವಿ ಮಂದ ಆಗ್ಯಾವ" ಅಂದ. ಅಂದು ಬಸ್ಸಿನಲ್ಲಿ ನಕ್ಕವರನ್ನು ಲಾಲ್ ಅಹ್ಮದ್ ಒಬ್ಬೊಬ್ಬರನ್ನಾಗಿ ಹುಡುಕಿಕೊಂಡು ಹೋದ. ಯಾರಿಗೂ ನೆನಪಿರಲಿಲ್ಲ. ಗೆಳೆಯ ಒಂದು ಮಧ್ಯಾಹ್ನದಲ್ಲಿ ಮಾಡಿದ್ದನ್ನು ಊರು ಒಂದು ತಿಂಗಳು ಕೂತು ಪೂರ್ತಿ ಮಾಡಿತು.

ಎಂಬತ್ತೆರಡರ ಚಳಿಗಾಲದಲ್ಲಿ ಪಟ್ಟಣದ ನಾಲ್ಕು ಹುಡುಗರು ಚಿಂಚೋಳಿ ಗುಡ್ಡದಲ್ಲಿ ಹಾರಲು ಹೊರಟು ಶಹಾಬಾದದ ಸ್ಟ್ಯಾಂಡಿಗೆ ಬಂದಿಳಿದರು. ಕೈಯಲ್ಲಿ ಎರಡು ಗಂಟು, ಆರಾರು ಅಡಿ. ಅಲ್ಲೇ ನಿಂತಿದ್ದ ಲಾಲ್ ಅಹ್ಮದ್ ಗಂಟಿನ ಹತ್ತಿರ ಹೋಗಿ ಬಗ್ಗಿ ಒಂದು ಕೊಳವೆಗೆ ಬೆರಳಿನ ಗೆಣ್ಣಿನಿಂದ ಬಡಿದು ಕಿವಿಯಿಟ್ಟ. "ಏಯ್ ಮುದುಕಾ, ಮುಟ್ಟಬೇಡ, ಇದು ಭಾಳ ನಾಜೂಕು," ಅಂದ ಒಬ್ಬ. ಲಾಲ್ ಅಹ್ಮದನಿಗೆ ಆಗ ನಲವತ್ತಮೂರು. ಅವನು ಕೇಳಿದ್ದು ಒಂದೇ ಮಾತು:

"ಬಲಗಡೆ ಒಂದು ತಂತಿ ಹೆಚ್ಚಿಗಿ ಅದ ಅಲ್ರೀ, ಅದು ಏನ್ ಮಾಡ್ತದ?"

"ಏನೂ ಮಾಡೋದಿಲ್ಲ," ಹುಡುಗ ನಕ್ಕ. "ಸಡಿಲಾಗಿ ಇರ್ತದ, ಗಾಳಿಗೆ ಗುಂಯ್ ಅಂತದ. ಆದ್ರೆ ಮಾದರಿಯಲ್ಲಿ ಅದ, ಅದಕ್ಕೆ ಕಟ್ಟತೀವಿ."

ಬಸ್ಸು ಹೊರಟಿತು. ಹಾಜಿಸಾಬನ ಕಲ್ಲಿನ ಎಳೆಯನ್ನು ಉಕ್ಕಿನ ತಂತಿ ಮಾಡಿ ಆಕಾಶಕ್ಕೆ ಕಟ್ಟಿದ್ದರು. ಅದು ದಿನವೂ ಸುಳ್ಳನ್ನು ಗುಂಯ್‌ಗುಟ್ಟುತ್ತಿದೆ, ಕೇಳುವ ಕಿವಿಯಿಲ್ಲ.

ಲಾಲ್ ಅಹ್ಮದ್ ಈಗಲೂ ತಾಡಪತ್ರಿ ಹೊಲಿಯುತ್ತಾನೆ. ಬಾಗಿಲ ಬಳಿಯ ಫರಸಿಯ ಮೇಲೆ ಯಾರೂ ಕಾಲಿಡದಂತೆ ಗುಲ್ಶನ್ ಒಂದು ಮಣೆ ಅಡ್ಡ ಇಟ್ಟಿದ್ದಾಳೆ. ಮಾಸ್ತರನ ಶಾಲೆಯ ವರಾಂಡದಲ್ಲಿ ಅದೇ ನಕ್ಷೆ ಗಾಜು ಹಾಕಿಸಿಕೊಂಡು ತೂಗುತ್ತಿದೆ, ಕೆಳಗೆ ಅವನ ಹೆಸರು. ಈ ಊರಿನವರಾದರೆ, ಮಕ್ಕಳ ಫೀ ಕಟ್ಟಲು ನೀವು ಅದರ ಮುಂದೆಯೇ ಹಾದುಹೋಗುತ್ತೀರಿ. ಅಂದು ಬಸ್ಸಿನಲ್ಲಿ ನಕ್ಕವರಲ್ಲಿ ನೀವೂ ಇದ್ದಿರಬಹುದು.

ಮೊದಲು ಸ್ಟೇಶನ್ ರಸ್ತೆಗೆ ಹೋಗಿ ಆ ಫರಸಿ ನೋಡಿ. ಆಮೇಲೆ ಆ ಗಾಜಿನ ಮುಂದೆ ನಿಂತು ತಂತಿ ಎಣಿಸಿ. ಒಂಬತ್ತನೆಯದರ ಮೇಲೆ ಬೆರಳಿಟ್ಟು, ಮಾಸ್ತರನನ್ನು ತರಗತಿಯಿಂದ ಹೊರಗೆ ಕರೆದು, ಅವನ ಹುಡುಗರೆಲ್ಲ ಕೇಳುವಂತೆ ಕೇಳಿ: ಇದು ಯಾತರ ತಂತಿ? ಅವನು ಬಾಯಿಬಿಟ್ಟು ಲಾಲ್ ಅಹ್ಮದನ ಹೆಸರು ಹೇಳುವವರೆಗೆ ಬೆರಳು ತೆಗೆಯಬೇಡಿ.